ಸಂಗಮದ ಬಾಟಲಿಯಲ್ಲಿದ್ದ ಸೀಸ

ಲೋಕಪಾವನಿಯ ನೀರಿನಲ್ಲಿ ಸಿಕ್ಕಿದ ಸೀಸ ವೀರಭದ್ರಾಚಾರ್ರ ಕುಲುಮೆಯದಲ್ಲ. ನನ್ನ ಬೆರಳಿನದು. ಹತ್ತಿರ ಹತ್ತಿರ ಒಂಬತ್ತು ವರ್ಷದಿಂದ ಇದು ನನಗೆ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಉಂಡೆ, ಮಲಗಿದೆ, ಹಬ್ಬಕ್ಕೆ ಒಬ್ಬಟ್ಟು ತಟ್ಟಿದೆ. ಇದನ್ನು ಬರೆಯುವಾಗ ಯಾವ ಮಾತನ್ನೂ ನನ್ನ ಕಡೆಗೆ ತಿರುಗಿಸಿಕೊಳ್ಳಬಾರದು ಅಂದುಕೊಂಡಿದ್ದೇನೆ. ಎಲ್ಲಾದರೂ ತಿರುಗಿತು ಅನ್ನಿಸಿದರೆ ಅಲ್ಲಿಗೇ ಓದು ನಿಲ್ಲಿಸಿಬಿಡಿ.

ನನ್ನ ಹೆಸರು ಪದ್ಮ. ಹುಟ್ಟಿದ್ದು ಕಿರಂಗೂರಿನಲ್ಲಿ, ಕೊಟ್ಟಿದ್ದು ಪಾಂಡವಪುರ ತಾಲ್ಲೂಕಿನ ಒಂದು ಊರಿಗೆ, ಲೋಕಪಾವನಿ ಹೊಳೆಯ ದಂಡೆಗೆ. ರಸಾಯನಶಾಸ್ತ್ರ ಓದಿ, ಗಂಡನ ಮನೆಯಲ್ಲಿ ನಾಲ್ಕು ಹಸು ಕಟ್ಟಿಕೊಂಡು, ಓದಿದ್ದೆಲ್ಲ ಸಗಣಿಗೆ ಸೇರಿತು ಎಂದು ಗೊಣಗುತ್ತಿದ್ದವಳಿಗೆ ಒಂದು ಕೆಲಸ ಸಿಕ್ಕಿತು. ಕಡಲ ತೀರದ ಒಂದು ಸಂಶೋಧನಾ ಕೇಂದ್ರಕ್ಕೆ ನಮ್ಮ ಸೀಮೆಯ ಹೊಳೆನೀರು ತುಂಬಿ ಕಳಿಸುವ ಕೆಲಸ. ಹದಿನೈದು ದಿನಕ್ಕೊಂದು ಸಲ, ನಾಲ್ಕು ಜಾಗ. ನಾಗಮಂಗಲದ ಕಡೆ ಲೋಕಪಾವನಿ ಇನ್ನೂ ಹಳ್ಳವಾಗಿರುವಲ್ಲಿ ಒಂದು, ಕೆ.ಆರ್. ಪೇಟೆಯ ಶೀಳನೆರೆ ಕಡೆಯ ಹಳ್ಳದಲ್ಲಿ ಒಂದು, ಬೆಳಗೊಳದ ಹತ್ತಿರ ಕಾವೇರಿಯಲ್ಲಿ ಒಂದು. ಕೊನೆಯದು ಶ್ರೀರಂಗಪಟ್ಟಣದ ಹತ್ತಿರ, ಕರಿಘಟ್ಟದ ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಜಾಗಕ್ಕಿಂತ ತುಸು ಮೇಲೆ.

ಯಾಕೆ ಅಂತೀರಾ. ನನ್ನ ಅತ್ತೆಯೂ ಕೇಳಿದ್ದರು. ಮಳೆ ಬಿಸಿಲಿಗೆ ಬಂಡೆ ಸವೆಯುತ್ತದೆ. ಸವೆದದ್ದರಲ್ಲಿ ಕಣ್ಣಿಗೆ ಕಾಣುವ ಮರಳಿರುತ್ತದೆ, ಕಾಣದ ಲೋಹಗಳೂ ಇರುತ್ತವೆ — ಕಬ್ಬಿಣ, ಸೀಸ, ಹೆಸರೇ ಕೇಳಿರದ ಇನ್ನೆಷ್ಟೋ. ಹೊಳೆ ಅದನ್ನೆಲ್ಲ ಕಡಲಿಗೆ ಒಯ್ಯುತ್ತದೆ. ಒಂದಷ್ಟು ಮುಖಜಭೂಮಿಯ ಕೆಸರಲ್ಲೇ ಕೂರುತ್ತದೆ, ಒಂದಷ್ಟು ಉಪ್ಪುನೀರಿನ ಪ್ರವಾಹ ಹಿಡಿದು ಬಂಗಾಳ ಕೊಲ್ಲಿಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಅಲ್ಲಿ ಹಡಗಿನಲ್ಲಿ ನಿಂತವರು ಒಂದು ಕೊಡ ನೀರೆತ್ತಿ, ಇದರಲ್ಲಿರುವ ಲೋಹ ಯಾವ ನೆಲದ್ದು ಎಂದು ಕೇಳುತ್ತಾರೆ. ಉತ್ತರ ಹೇಳಬಹುದು — ಏಕೆಂದರೆ ಲೋಹಕ್ಕೂ ಗೋತ್ರವಿದೆ. ಸೀಸದಲ್ಲಿ ಬೇರೆ ಬೇರೆ ತೂಕದ ಬಗೆಗಳಿವೆ. ಯಾವ ಬಗೆಯ ಪಾಲೆಷ್ಟು ಎನ್ನುವುದು ಅದು ಹುಟ್ಟಿದ ಬಂಡೆಯ ಮೇಲೆ ನಿಂತಿರುತ್ತದೆ, ಸಾವಿರ ಮೈಲಿ ಹೋದರೂ ಅದು ಬದಲಾಗುವುದಿಲ್ಲ. ಆದರೆ ಹೋಲಿಸಿ ನೋಡಲು ಮೊದಲು ಹೊಳೆಯ ಗೋತ್ರ ಗೊತ್ತಿರಬೇಕು. ಅದಕ್ಕೆ ನನ್ನ ಬಾಟಲಿಗಳು.

ನಿಯಮ ಬಿಗಿಯಾಗಿತ್ತು. ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ. ಲೋಹ ಮುಟ್ಟಿಸಬಾರದು — ಬಳೆ ತೆಗೆ, ಉಂಗುರ ತೆಗೆ, ತಾಳಿಯನ್ನು ರವಿಕೆಯೊಳಗೆ ಸೇರಿಸು, ಕೈಗವಸು ಹಾಕು. ಬಾಟಲಿಯನ್ನು ಹೊಳೆನೀರಿನಲ್ಲೇ ಮೂರು ಸಲ ತೊಳೆದು ನಾಲ್ಕನೆಯದನ್ನು ತುಂಬು. ನಾನು ಅಚ್ಚುಕಟ್ಟಿನವಳು, ಮನೆಯಲ್ಲಿ ಲೋಟ ಒಂದು ಕಡೆ ಇಟ್ಟರೆ ಅದು ಅಲ್ಲೇ ಇರಬೇಕು. ಈ ಕೆಲಸ ನನಗೆಂದೇ ಹುಟ್ಟಿದ್ದು ಅನ್ನಿಸಿತ್ತು. ಊರಲ್ಲಿ ಮಾತ್ರ ನಗುತ್ತಿದ್ದರು. ಪದ್ಮಕ್ಕ ಸಮುದ್ರಕ್ಕೆ ನೀರು ಹೊರೋಕೆ ಹೊಂಟವ್ಳೆ, ಅಲ್ಲಿ ಬರಗಾಲವಂತೆ — ಡೈರಿ ಮುಂದೆ ಹಾಲು ಹಾಕಲು ನಿಂತವರದು ಇದೇ ತಮಾಷೆ. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಈಗ ತಪ್ಪಿಗೆ ಬರುತ್ತೇನೆ.

ಕಾವೇರಿ ದಂಡೆಯ ಹೆಣ್ಣುಮಕ್ಕಳು ಸಂಗಮಕ್ಕೆ ಬರಿಗೈಯಲ್ಲಿ ಇಳಿಯುವುದಿಲ್ಲ. ಬೆಳಗೊಳದಲ್ಲಿ ನಾನು ಏನೂ ಮಾಡುತ್ತಿರಲಿಲ್ಲ, ಶೀಳನೆರೆ ಹಳ್ಳದಲ್ಲೂ ಇಲ್ಲ. ಆದರೆ ಎರಡು ನೀರು ಕೂಡುವ ಜಾಗ — ಅಲ್ಲಿ ಒಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ಕುಂಕುಮ ಬಿಡದೆ ನೀರು ತುಂಬುವುದೆಂದರೆ, ತಾಯಿಯ ಮನೆಗೆ ಹೋಗಿ ಮಾತಾಡಿಸದೆ ಅಡುಗೆಮನೆಗೆ ನುಗ್ಗಿದ ಹಾಗೆ. ನನ್ನ ಅವ್ವ ಹಾಗೆ ಕಲಿಸಿದ್ದಳು. ಬ್ಯಾಗಿನ ಪಕ್ಕದ ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ ಇಟ್ಟುಕೊಂಡಿದ್ದೆ. ರಸ್ತೆ ಬದಿಯ ಗಾಡಿಯಲ್ಲಿ ಕೊಂಡ ಕುಂಕುಮ, ಕಣ್ಣು ಕುಕ್ಕುವ ಕೆಂಪು. ಕೈಗೆ ಬಣ್ಣ ಹತ್ತಬಾರದು, ಹತ್ತಿದರೆ ಬಾಟಲಿಗೆ ತಗಲುತ್ತದೆ ಎಂಬಷ್ಟು ಬುದ್ಧಿ ನನಗಿತ್ತು. ಹಾಗಾಗಿ — ಹೇಳಲು ನಾಚಿಕೆಯಾಗುತ್ತದೆ — ಮೊದಲು ಕೈಗವಸು ಹಾಕಿಕೊಳ್ಳುತ್ತಿದ್ದೆ. ಕೈಗವಸಿನಲ್ಲೇ ಕುಂಕುಮ ಚಿಮುಕಿಸಿ, ನೀರಿನಲ್ಲಿ ಬೆರಳು ಅಲ್ಲಾಡಿಸಿ, ಅದೇ ಬೆರಳಿನಲ್ಲಿ ಮುಚ್ಚಳ ತಿರುಗಿಸುತ್ತಿದ್ದೆ. ಕೈ ಶುದ್ಧವಾಗಿತ್ತು, ಕೈಗವಸು ಅಲ್ಲ.

ಆರು ತಿಂಗಳಾದ ಮೇಲೆ ಮೊದಲ ಲೆಕ್ಕ ಬಂತು. ಮೂರು ಜಾಗದಲ್ಲಿ ಸೀಸ ಇದ್ದೂ ಇಲ್ಲದಷ್ಟು. ಸಂಗಮದ ಬಾಟಲಿಗಳಲ್ಲಿ ಹಲವು ಪಟ್ಟು. ನಾನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದೆ — ದಶಮಾಂಶದ ಚುಕ್ಕಿ ಎಲ್ಲೋ ತಪ್ಪಿ ಬಿದ್ದಿರಬೇಕು ಎಂದು. ಚುಕ್ಕಿ ಸರಿಯಾಗಿಯೇ ಇತ್ತು. ಕೇಂದ್ರದ ಮುಖ್ಯಸ್ಥೆ ಫೋನಿನಲ್ಲಿ, ಇದನ್ನು ಇನ್ನೂ ಪರೀಕ್ಷಿಸಬೇಕು, ಅಲ್ಲಿಯವರೆಗೆ ಯಾರೊಂದಿಗೂ ಮಾತಾಡಬೇಡಿ ಎಂದು ಎರಡು ಸಲ ಹೇಳಿದರು. ನಾನು ಆಗಲಿ ಎಂದೆ.

ಮಾರನೆಯ ಬೆಳಿಗ್ಗೆ ಡೈರಿಗೆ ಹೋದೆ. ಆ ತಿಂಗಳು ಊರಲ್ಲಿ ಎರಡು ಎಮ್ಮೆ ದಿನ ತುಂಬದೆ ಕಂದು ಹಾಕಿದ್ದವು. ಅದೇ ಮಾತು ನಡೆದಿತ್ತು, ನೀರಲ್ಲಿ ಏನೋ ಐತೆ ಅಂತ ಯಾರೋ ಅಂದರು. ಸಮುದ್ರಕ್ಕೆ ನೀರು ಹೊರುವವಳನ್ನು ಕೇಳಿ ಎಂದು ಇನ್ನೊಬ್ಬರು ನಕ್ಕರು. ಆ ನಗು — ಅದರ ಮೇಲೆ ನಾನೇನೂ ಹೊರಿಸುವುದಿಲ್ಲ. ನಾನೇ ಅಂದೆ:

"ಹೊಳೇಲಿ ಸೀಸ ಐತೆ. ಅಳೆದವ್ರೆ. ಮೇಲ್ಗಡೆ ಆಚಾರ್ರ ಕುಲುಮೆ ಬುಟ್ರೆ ಸೀಸ ಇನ್ನೆಲ್ಲಿಂದ ಬರ್ಬೇಕು?"

ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು, ನನಗೆ ಜಾಗ ಬಿಟ್ಟು ನಿಂತರು. ಅದು ಎಷ್ಟು ಹಿತವಾಗಿತ್ತು ಎಂಬುದನ್ನೂ ಹೇಳಲೇಬೇಕು.

ವೀರಭದ್ರಾಚಾರ್ರು ನಮ್ಮ ಊರಿನವರೇ. ಅವರ ತಾತನ ಕಾಲಕ್ಕೆ ನಾಗಮಂಗಲದಿಂದ ಬಂದ ಎರಕದ ಮನೆತನ. ಹಿತ್ತಾಳೆ ದೀಪ, ಗುಡಿಯ ಗಂಟೆ, ಹಸುವಿನ ಕೊರಳ ಗಂಟೆ ಎರೆಯುತ್ತಿದ್ದರು. ನಮ್ಮ ಹಟ್ಟಿಯ ನಾಲ್ಕೂ ಹಸುವಿನ ಕೊರಳಲ್ಲಿದ್ದದ್ದು ಅವರದೇ ಗಂಟೆ, ಒಂದೊಂದಕ್ಕೂ ಒಂದೊಂದು ದನಿ — ಕತ್ತಲಲ್ಲಿ ಯಾವ ಹಸು ಎದ್ದಿತು ಎಂದು ಮಲಗಿದಲ್ಲೇ ಹೇಳಬಹುದಿತ್ತು. ಎರಕಕ್ಕೆ ಅವರು ಚೂರು ಸೀಸ ಬೆರೆಸುತ್ತಿದ್ದದ್ದು ನಿಜ. ಎಲ್ಲರಿಗೂ ಅದು ಗೊತ್ತು. ಅದಕ್ಕೇ ನನ್ನ ಮಾತು ಅಷ್ಟು ಸುಲಭವಾಗಿ ಅಂಟಿಕೊಂಡಿತು.

ಜನ ಹೊಡೆಯಲಿಲ್ಲ, ಬಡಿಯಲಿಲ್ಲ. ಗಂಟೆ ಮಾಡಿಸುವುದನ್ನು ನಿಲ್ಲಿಸಿದರು. ಅವರ ಮನೆಯ ಮುಂದೆ ದನ ಹೊಡೆದುಕೊಂಡು ಹೋಗುವುದನ್ನು ಬಿಟ್ಟು ಸುತ್ತು ಬಳಸಿ ಹೊಳೆಗೆ ಹೋದರು. ಎಂಟು ದಿನ ನೋಡಿ ಆಚಾರ್ರು ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಜಗಲಿಯಲ್ಲೇ ನಿಂತರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಉತ್ತರ ಜೋಡಿಸಿಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ:

"ನೀನ್ ಓದ್ದೋಳು ಕಣವ್ವ. ನೀನ್ ಯೋಳುದ್ರೆ ನಂಬ್ತೀನಿ. ಒಳೇಲಿರೋದು ನಮ್ ಸೀಸವೇಯಾ?"

ಮುಖ್ಯಸ್ಥೆ ಹೇಳಿದ ಮಾತು ನೆನಪಿತ್ತು. ಇನ್ನೂ ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎಂದರೆ ಡೈರಿಯಲ್ಲಿ ನನ್ನ ಮಾತಿಗೆ — ಇಲ್ಲ, ಅದೂ ಬೇಡ. ನಾನು "ಹೌದು" ಎಂದೆ.

ಅವರು ತಲೆಯಾಡಿಸಿದರು, ಹೋದರು. ಅದೇ ದಿನ ಮಧ್ಯಾಹ್ನ ತಾವೇ ಕುಲುಮೆಗೆ ನೀರು ಹುಯ್ದರಂತೆ. ಗಾಳಿ ಊದುವ ತಿದಿಯನ್ನು, ಲೋಹ ಕರಗಿಸುವ ಮೂಸೆಗಳನ್ನು ಒಳಗಿಟ್ಟು ಬೀಗ ಹಾಕಿದರು. ಅಷ್ಟು ವರ್ಷ ಹಿತ್ತಾಳೆ ಕರಗಿಸಿದ ಮನುಷ್ಯ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ಉರಿ ಹಾಕುವ ಕೆಲಸಕ್ಕೆ ಸೇರಿಕೊಂಡರು. ಪಾಪ ಅನ್ನಿಸಿತು ನನಗೆ. ನ್ಯಾಯ ಎಂದೂ ಅನ್ನಿಸಿತು.

ಐದು ತಿಂಗಳ ನಂತರ ಮುಖ್ಯಸ್ಥೆಯ ಫೋನು ಬಂತು. ಸೀಸದ ಗೋತ್ರ ನೋಡಿದ್ದರು. ಅದು ನಮ್ಮ ಬಂಡೆಯದಲ್ಲ. ಹೋಲಿಸಿ ನೋಡಲೆಂದು ನಾನು ಆಚಾರ್ರ ಹಿತ್ತಲಿನಿಂದ ಹೆಕ್ಕಿ ಕಳಿಸಿದ್ದ ಕುಲುಮೆಯ ಕಿಟ್ಟದ್ದೂ ಅಲ್ಲ. ಯಾವುದೋ ದೂರದ ಗಣಿಯ ಸೀಸ. ಬಾಟಲಿಗೆ ಬೇರೆ ಏನಾದರೂ ತಾಗಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಎನ್ನುತ್ತಿದ್ದ ಹಾಗೆ ನನ್ನ ಕಣ್ಣು ಗೂಟಕ್ಕೆ ನೇತುಹಾಕಿದ್ದ ಬ್ಯಾಗಿನ ಪಕ್ಕದ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಅದೇ.

ಆದರೂ ನಂಬಿಕೆ ಬರಲಿಲ್ಲ. ಕುಂಕುಮದಲ್ಲಿ ಸೀಸವೇ? ದಿನಾ ಹಣೆಗೆ ಇಡುವುದರಲ್ಲಿ? ಮುಂದಿನ ಬಾಟಲಿಗಳ ಜೊತೆ ಒಂದು ಚಿಟಿಕೆ ಕುಂಕುಮವನ್ನೂ ಕಳಿಸಿದೆ. ಪೊಟ್ಟಣದ ಮೇಲೆ "ದಂಡೆಯ ಕೆಂಪು ಮಣ್ಣು" ಎಂದು ಬರೆದಿದ್ದೆ. ಎಷ್ಟು ಜಾಣೆ ನೋಡಿ.

ಉತ್ತರ ಬಂದ ದಿನ ನಾನು ಹುಲ್ಲು ಕತ್ತರಿಸುತ್ತಿದ್ದೆ. ಎರಡೂ ಒಂದೇ. ಪಾಲಿಗೆ ಪಾಲು, ಅಂಕಿಗೆ ಅಂಕಿ. ಮೈ ತಣ್ಣಗಾಯಿತು ಎನ್ನುತ್ತಾರಲ್ಲ, ನನಗೆ ಹಾಗಾಗಲಿಲ್ಲ — ಕಿವಿ ಮುಚ್ಚಿಹೋಯಿತು. ಅತ್ತೆ ಎದುರು ನಿಂತು ಏನೋ ಹೇಳುತ್ತಿದ್ದರು, ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಂದು ಚಿಟಿಕೆ. ನೀರಿಗೆ ಮರ್ಯಾದೆ ಮಾಡಲೆಂದು ಹಾಕಿದ ಒಂದು ಚಿಟಿಕೆ. ನಾನು ಇನ್ನೊಬ್ಬರ ಎಲೆಯ ನೊಣ ತೋರಿಸುತ್ತ ಕೂತಿದ್ದೆ, ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು.

ಆ ಕೆಂಪು ಮಣ್ಣು ಕೈಗವಸಿಗೆ ತಾಗಿತ್ತು ಎಂದಷ್ಟೇ ಹೇಳಿದೆ, ಮುಖ್ಯಸ್ಥೆ ಹೆಚ್ಚು ಕೇಳಲಿಲ್ಲ. ಸಂಗಮದ ಆ ಬಾಟಲಿಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದರು, ಹೊಸದಾಗಿ ತುಂಬಿಸಿದರು. ಹೊಸ ನೀರಿನಲ್ಲಿ ಸೀಸ ಮಿಕ್ಕ ಮೂರು ಜಾಗಗಳಲ್ಲಿದ್ದಷ್ಟೇ ಇತ್ತು. ಕಡಲಿನ ಲೆಕ್ಕ ಸರಿಹೋಯಿತು. ಹಳ್ಳಿಯಲ್ಲೊಂದು ಕುಲುಮೆ ಆರಿದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದವಳು ಕುಂಕುಮದ ಡಬ್ಬಿಯನ್ನು ತಿಪ್ಪೆಯಲ್ಲಿ ಹೂತು ಬಂದಿದ್ದಳು.

ಆಮೇಲೆ ವರ್ಷಗಳು ಹೋದವು. ನಾಳೆ ಹೇಳೋಣ ಎಂದುಕೊಂಡದ್ದು ಎಷ್ಟು ಸಲವೋ. ಆಚಾರ್ರು ಎದುರು ಸಿಕ್ಕರೆ ಚೆನ್ನಾಗಿದ್ದೀಯೇನವ್ವ ಎನ್ನುತ್ತಿದ್ದರು. ಅವರ ಜೀವನ ಹೇಗೋ ನಡೆಯುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನನ್ನ ತಪ್ಪಿನ ಅಳತೆ ಒಂದು ಕುಲುಮೆ ಎಂದೇ ತಿಳಿದಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಬೆಲ್ಲ ತರಲು ಆಲೆಮನೆಗೆ ಹೋದೆ. ಆಚಾರ್ರು ಒಲೆಯ ಮುಂದೆ ಕೂತು, ರಸ ಹಿಂಡಿ ಒಣಗಿಸಿದ ಕಬ್ಬಿನ ರಚ್ಚು ಉರಿಗೆ ತಳ್ಳುತ್ತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಕರೆದರು.

"ನಿನ್ನೇ ಕೇಳ್ಬೇಕು ಅಂತಿದ್ದೆ, ಪದ್ಮವ್ವ. ಕೈಗೆ ಅತ್ತಿದ ಸೀಸ ಬುಟ್ಟೋಯ್ತದಾ? ಎಷ್ಟ್ ವರ್ಸ ಬೇಕಾಯ್ತದೆ?"

ಯಾಕೆ ಎಂದೆ. ಮೊಮ್ಮಗಳು ಕೇಳುತ್ತಿದ್ದಾಳೆ, ತಾತ ನನ್ನನ್ನು ಯಾಕೆ ಮುಟ್ಟುವುದಿಲ್ಲ ಎಂದು — ಹಾಗೆಂದು ಶುರು ಮಾಡಿ ನಿಧಾನವಾಗಿ ಹೇಳಿದರು. ಅವರ ಮಗಳನ್ನು ಕೊಟ್ಟಿರುವುದು ಶೀಳನೆರೆಗೆ. ಆ ವರ್ಷ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳು ಮಲಗುತ್ತಿದ್ದ ಕೋಣೆಗೂ ಕುಲುಮೆಗೂ ಒಂದೇ ಗೋಡೆ. ನಾನು ಹೌದು ಎಂದ ದಿನ ಕೂಸಿಗೆ ಮೂರು ತಿಂಗಳು. ಹೊಳೆಗೇ ಸೀಸ ಹೋಗಿದೆ ಎಂದ ಮೇಲೆ ಕೂಸಿಗೆ ಹೋಗದೆ ಇರುತ್ತದೆಯೇ ಎಂದು ಆ ದಿನದಿಂದ ಎತ್ತಿಕೊಳ್ಳುವುದನ್ನು ಬಿಟ್ಟರಂತೆ. ಮಗು ತನಗೆ ಮೂರು ವರ್ಷವಾದರೂ ಮಾತಾಡಲಿಲ್ಲ. ಆಗ ಅವರಿಗೆ ಖಾತ್ರಿಯಾಯಿತು. ಆಮೇಲೆ ಅವಳು ಮಾತು ಕಲಿತಳು, ಈಗ ಶಾಲೆಯಲ್ಲಿ ಬಾಯಿ ಮುಚ್ಚುವುದಿಲ್ಲವಂತೆ. ಆದರೂ ಇವರು ಮುಟ್ಟಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ. ಹೆಣ್ಣು ಮಗುವೆಂದು ಮುದುಕನಿಗೆ ತಾತ್ಸಾರ ಎಂದುಕೊಂಡು ಅಳಿಯ ಈ ಕಡೆ ಬರುವುದನ್ನೇ ಕಡಿಮೆ ಮಾಡಿದ್ದ.

ನಾನು ಬೆಲ್ಲದ ಅಚ್ಚು ಹಿಡಿದುಕೊಂಡು ನಿಂತಿದ್ದೆ. ಅದು ಇನ್ನೂ ಬಿಸಿಯಿತ್ತು, ಕೈ ಸುಡುತ್ತಿದ್ದದ್ದು ಆಮೇಲೆ ಗೊತ್ತಾಯಿತು. ಒಂಬತ್ತು ವರ್ಷ. ನಾನು ಇವರ ಕೆಲಸ ಕಿತ್ತುಕೊಂಡೆ ಎಂದುಕೊಂಡಿದ್ದೆ. ಇವರು ತಮ್ಮ ಕೈಯನ್ನೇ ವಿಷ ಎಂದು ನಂಬಿಕೊಂಡು, ಆ ಕೈಯಲ್ಲಿ ಉಂಡುಕೊಂಡು — ನನ್ನ ಒಂದು ಮಾತಿನಿಂದ. ಇಷ್ಟು ದೂರ ಹೋಗುತ್ತದೆ ಎಂದು ನನಗೆ... ಇಲ್ಲ. ಗೊತ್ತಿರಲಿಲ್ಲ ಎನ್ನಲು ನನಗೆ ಹಕ್ಕಿಲ್ಲ. ನಾನು ಕೇಳಿಯೇ ಇರಲಿಲ್ಲ.

ಅಲ್ಲಿ ಹೇಳಬೇಕಿತ್ತು. ಏನು ಹೇಳಿದೆ ಗೊತ್ತೇ? ಇಷ್ಟು ವರ್ಷಕ್ಕೆ ಹೋಗಿರುತ್ತೆ ಬಿಡಿ ಆಚಾರ್ರೇ, ಇನ್ನು ಭಯವಿಲ್ಲ ಎಂದೆ.

ಅವರ ಮುಖ ಅರಳಿತು. ಮಸಿ ಹತ್ತಿದ ಎರಡೂ ಕೈ ಜೋಡಿಸಿ ನನಗೆ ಮುಗಿದರು. ನಾನು ಕೈ ಮುಗಿಸಿಕೊಂಡೆ. ಮನೆಯ ದಾರಿಯಲ್ಲಿ, ಎಲ್ಲ ಒಳ್ಳೆಯದೇ ಆಯಿತಲ್ಲ, ಇನ್ನು ಮಗುವನ್ನು ಮುಟ್ಟುತ್ತಾರೆ, ಯಾರಿಗೂ ನೋವಾಗದೆ ಮುಗಿಯಿತು ಎಂದು ಲೆಕ್ಕ ಹಾಕುತ್ತ ಬಂದೆ. ಕೈಕಾಲು ತೊಳೆಯುವಾಗ ನನ್ನ ಆ ಲೆಕ್ಕ ನನಗೇ ಕೇಳಿಸಿತು. ನಾನು ಇಂಥವಳೇ ಎಂದು ಬೆಚ್ಚಿದೆ — ಸೀಸದ ಅಂಕಿ ನೋಡಿದಾಗಲೂ ಅಷ್ಟು ಬೆಚ್ಚಿರಲಿಲ್ಲ.

ಮಾರನೆಯ ಬೆಳಿಗ್ಗೆ ಮತ್ತೆ ಆಲೆಮನೆಗೆ ಹೋದೆ. ಕುಂಕುಮ, ಕೈಗವಸು, ಕೆಂಪು ಮಣ್ಣೆಂಬ ಪೊಟ್ಟಣ, ತಿಪ್ಪೆ — ಒಂದನ್ನೂ ಬಿಡದೆ ಹೇಳಿದೆ. ಆಚಾರ್ರು ಉರಿ ತಳ್ಳುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ, ಹಂಗಾರೆ ಮಗು ಮಾತಾಡದೆ ಇದ್ದದ್ದು ಯಾಕೆ ಎಂದು ಕೇಳಿದರು. ನನಗೆ ತಿಳಿಯದು, ಕೆಲವು ಮಕ್ಕಳಿಗೆ ಮಾತು ತಡವಾಗಿ ಬರುತ್ತದೆ, ನಿಮ್ಮ ಕೈಯಿಂದ ಎನ್ನುವುದಕ್ಕೆ ಎಲ್ಲೂ ಆಧಾರವಿಲ್ಲ ಎಂದೆ. ನಿನಗೆ ಯಾವಾಗ ಗೊತ್ತಾಯಿತು ಎಂದರು. ಕೂಸಿಗೆ ಎಂಟು ತಿಂಗಳಿದ್ದಾಗ ಎಂದೆ.

ಆಗ ಕೈ ನಿಂತಿತು. ನನ್ನ ಕಡೆ ತಿರುಗಿದರು.

"ನೆನ್ನೆ ನಾನು ನಿಂಗೆ ಕೈ ಮುಗ್ದೆ," ಎಂದರು. "ಮುಗೀತಿದ್ರೆ ನೀನು ಸುಮ್ಕೆ ನಿಂತಿದ್ದೆ."

ಬೈದಿದ್ದರೆ — ಬೈಯಲಿಲ್ಲ.

ಅಲ್ಲಿಂದ ನೇರವಾಗಿ ಡೈರಿಗೆ ಹೋದೆ. ಹಾಲು ಹಾಕಲು ಸಾಲು ನಿಂತಿತ್ತು. ಎಲ್ಲಿ ಆಡಿದ್ದೆನೋ ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಕೇಳಿದವರು ಕಲ್ಲಾಗಿಬಿಡುತ್ತಾರೆ, ಉಗಿಯುತ್ತಾರೆ ಎಂದುಕೊಂಡಿದ್ದೆ. ಇಬ್ಬರು ಮೂವರು ತಲೆ ತಗ್ಗಿಸಿದರು. ಒಬ್ಬರು, ಆಗಿದ್ದು ಆಗೋಯ್ತು ಬುಡವ್ವ, ಈಗ್ಯಾಕೆ ಎಂದು ಕ್ಯಾನು ಮುಂದೆ ತಳ್ಳಿದರು. ನನ್ನ "ಹೌದು" ಊರನ್ನೆಲ್ಲ ಒಂದೇ ಗಂಟೆಯಲ್ಲಿ ಸುತ್ತಿ ಬಂದಿತ್ತು. "ಅಲ್ಲ" ಎನ್ನುವುದು ಡೈರಿಯ ಬಾಗಿಲು ದಾಟಲೂ ತೇಕುತ್ತಿತ್ತು. ಹಾಗಾಗಿ ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಮುಖ್ಯಸ್ಥೆಗೂ ಬರೆದಿದ್ದೇನೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಭಾನುವಾರ ಆಚಾರ್ರ ಮಗಳು ಶೀಳನೆರೆಯಿಂದ ಬಂದಿದ್ದಾಳೆ ಎಂದು ಗೊತ್ತಾಯಿತು. ಅವಳಿಗೂ ನನ್ನ ಬಾಯಿಂದಲೇ ಗೊತ್ತಾಗಬೇಕೆಂದು ಹೋದೆ. ಅಂಗಳದಲ್ಲಿ ನಿಂತು ಹೇಳಿ ಮುಗಿಸಿದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಅಪ್ಪನ ಮೇಲೆ ಒಂಬತ್ತು ವರ್ಷ ಮುನಿಸಿಕೊಂಡಿದ್ದವಳು ಅವಳು. ಆಚಾರ್ರು ಬಚ್ಚಲಿನಿಂದ ಕೈ ತೊಳೆದುಕೊಂಡು ಬಂದರು. ಉಜ್ಜಿ ಉಜ್ಜಿ ತೊಳೆದಿದ್ದರು, ಕೈ ಕೆಂಪಾಗಿತ್ತು. ಮೊಮ್ಮಗಳು ಹೊಸಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಅವರು ಬಗ್ಗಿ ಅವಳ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದರು.

ಹುಡುಗಿ ಉದ್ದವಾಗಿ ಬೆಳೆದಿದ್ದಾಳೆ. ಕಾಲು ನೆಲ ಬಿಡಲಿಲ್ಲ. "ಬುಡು ತಾತ, ನಾನೇನ್ ಪಾಪುನಾ," ಎಂದು ನಾಚಿಕೊಂಡು ನಕ್ಕಳು, ಕೊಸರಿಕೊಂಡು ಒಳಗೆ ಓಡಿದಳು. ಆಚಾರ್ರು ಹಾಗೇ ಬಗ್ಗಿ ನಿಂತಿದ್ದರು. ನಿಧಾನವಾಗಿ ಸೊಂಟ ನೇರ ಮಾಡಿಕೊಂಡು, ಯಾರಿಗೂ ಅಲ್ಲ ಎನ್ನುವ ಹಾಗೆ ಅಂದರು:

"ಎತ್ತೋ ಕಾಲ ಓಗ್ಬುಡ್ತು."

ನಾನು ಅಲ್ಲೇ ನಿಂತಿದ್ದೆ. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರು.